ಒಂದೂವರೆ ಗಂಟೆ

ಮೈಲಾಪೂರ್, ಚೆನ್ನೈ
4 ಡಿಸೆಂಬರ್ 2024

ಪ್ರಯೋಗಾಲಯದ ಸಂತಾಪ ಸಭೆಯಲ್ಲಿ ಸೇರಿರುವ ಎಲ್ಲರಿಗೆ,

ನನ್ನ ಮಗಳು ಸಂಹಿತಾಳ ಹೆಸರಿನಲ್ಲಿ ಒಂದು ಶುಕ್ರವಾರದ ಮಧ್ಯಾಹ್ನವನ್ನು ಬಿಟ್ಟುಕೊಟ್ಟು ಇಲ್ಲಿ ಸೇರಿರುವ ನಿಮಗೆಲ್ಲ ವಂದನೆಗಳು. ಆಸ್ಪತ್ರೆಯಿಂದ ಬೆಸೆಂಟ್ ನಗರದ ಸ್ಮಶಾನದವರೆಗೆ ನಮ್ಮ ಜೊತೆ ನಡೆದವರಿಗೆ, ನನ್ನ ಹೆಂಡತಿ ಜಯಲಕ್ಷ್ಮಿಯ ಕೈ ಹಿಡಿದುಕೊಂಡು ಕುಳಿತ ಹೆಣ್ಣುಮಕ್ಕಳಿಗೆ ವಿಶೇಷವಾಗಿ.

ವಂದನೆ ಅಲ್ಲಿಗೆ ಮುಗಿಯಿತು. ನಿಮ್ಮ ಸಹಾನುಭೂತಿಯನ್ನು ನಾನು ಸ್ವೀಕರಿಸುವುದಿಲ್ಲ. ನೀವು ಕಳಿಸಿದ ಮಾಲೆಯನ್ನು ಹಿಂದಕ್ಕೆ ಕಳಿಸಿದ್ದೇನೆ.

ನವೆಂಬರ್ 21ರ ಮಧ್ಯಾಹ್ನ ನಿಮ್ಮ ಪರೀಕ್ಷಾ ಕೊಠಡಿಯಲ್ಲಿ, ವಿದ್ಯುತ್ ಆಟೋಗಳ ಚಾರ್ಜಿಂಗಿಗೆ ಬಳಸುವ ಆರು ಸಾಕೆಟ್‌ಗಳಿಗೆ ಪೂರ್ಣ ಪ್ರಮಾಣದ ವಿದ್ಯುತ್ ಹರಿಸಲಾಗಿತ್ತು. ಅವುಗಳಲ್ಲಿ ಒಂದು ಮೆತ್ತಗಾಗಿ ಬೆಂಕಿ ಹತ್ತಿತು. ಅದನ್ನು ನಿಲ್ಲಿಸುವ ಮುಖ್ಯ ಸ್ವಿಚ್ ಕೊಠಡಿಯ ಒಳಗಡೆ ಇತ್ತು. ಸಂಹಿತಾ ಒಳಗೆ ಹೋದಳು, ಸ್ವಿಚ್ ಆರಿಸಿದಳು, ಹೊರಗೆ ಬರಲಿಲ್ಲ. ನಿಮ್ಮ ಸುತ್ತೋಲೆ ಇದನ್ನು ‘ವಿದ್ಯುತ್ ಏರಿಳಿತದಿಂದ ಉಂಟಾದ ದುರದೃಷ್ಟಕರ ಘಟನೆ’ ಎನ್ನುತ್ತದೆ. ಮೂವತ್ತೊಂದು ವರ್ಷ ರೈಲ್ವೆಯ ಸುರಕ್ಷತಾ ವಿಭಾಗದಲ್ಲಿ ಅಪಘಾತಗಳ ತನಿಖಾ ವರದಿ ಬರೆದವನು ನಾನು. ದುರದೃಷ್ಟ ಎಂಬ ಪದವನ್ನು ಒಂದು ವರದಿಯಲ್ಲೂ ಬರೆಯಲಿಲ್ಲ. ಕೈಕೆಳಗಿನವರಿಗೆ ಬರೆಯಲು ಬಿಡಲೂ ಇಲ್ಲ.

ನನ್ನ ಮಗಳು ನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳನ್ನು ನೈಲಾನಿನೊಳಗೆ ಸಮನಾಗಿ ಬೆರೆಸಿ, ಅದು ಶಾಖಕ್ಕೆ ಮಣಿಯದಂತೆ ಮಾಡುವುದು. ಶಾಖಕ್ಕೆ ಮಣಿಯದಿರಲೆಂದೇ ಹುಟ್ಟಿದ ಪ್ಲಾಸ್ಟಿಕ್ಕು ಶಾಖಕ್ಕೆ ಮಣಿಯಿತು ಏಕೆ? ಉತ್ತರ ಅವಳ ಪ್ರಯೋಗದ ನೋಟ್‌ಪುಸ್ತಕದಲ್ಲಿದೆ. ನನಗೆ ಅದು ಬೇಕು.

ನಿಮ್ಮಲ್ಲಿ ಕನ್ನಡ ಬಲ್ಲವರು ವಿಭಾಗದ ಮುಖ್ಯಸ್ಥೆ ಡಾ. ಊರ್ಮಿಳಾ ಒಬ್ಬರೇ. ಅವರು ಇದನ್ನು ತಮಿಳಿನಲ್ಲಿ ತಿಳಿಸಲಿ, ಒಂದು ಪದವನ್ನೂ ಮೆತ್ತಗೆ ಮಾಡದೆ.

ಕಮಲಾಕರ

*

ವಡೋದರಾ
23 ಡಿಸೆಂಬರ್ 2024

ಪೂಜ್ಯ ಕಮಲಾಕರ ಅವರಿಗೆ,

ಸಾದರ ನಮಸ್ಕಾರಗಳು. ಸಂಸ್ಥೆಯ ಮಿಂಚಂಚೆಯನ್ನು ಬೇರೆಯವರೂ ಓದುತ್ತಾರಾದ್ದರಿಂದ ಕೈಬರಹದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಇಲ್ಲಿನ ಕಚೇರಿಗೆ ವರ್ಗಾಯಿಸಿದ್ದಾರೆ.

ನಿಮ್ಮ ಪತ್ರವನ್ನು ಸಭೆಯಲ್ಲಿ ಓದಿದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಸ್ವಿಚ್‌ನ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅದನ್ನು ಈಗ ಹೊರಗೆ ಹಾಕಿಸಿದ್ದಾರೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಸಂಹಿತಾಳ ಹೆಸರಿನಲ್ಲಿ ಪ್ರತಿವರ್ಷ ಒಬ್ಬ ಯುವ ಸಂಶೋಧಕಿಗೆ ಪ್ರಶಸ್ತಿ ಕೊಡಲು ಸಂಸ್ಥೆ ತೀರ್ಮಾನಿಸಿದೆ. ಮೊದಲನೆಯದನ್ನು ಅವಳ ಹುಟ್ಟುಹಬ್ಬ ಜುಲೈ 2ರಂದು ಜಯಲಕ್ಷ್ಮಿ ಅಮ್ಮನವರ ಕೈಯಿಂದ ಕೊಡಿಸಬೇಕೆಂಬ ಆಸೆ. ಅಮ್ಮನವರು ಫೋನಿನಲ್ಲಿ ಒಪ್ಪಿದ್ದಾರೆ.

ನಾನು ಧಾರವಾಡದವಳು. ಬೆಳಿಗ್ಗೆ ಅವಳನ್ನು ಕಂಡಾಗ “ಏನವ್ವಾ, ನಾಷ್ಟಾ ಆತೇನು?” ಎಂದರೆ, “ಆಚು ಮೇಡಂ, ಆದ್ರೆ ನಿಮ್ಮ ಕನ್ನಡಕ್ಕೆ ಕೆಳಗೆ ಸಬ್‌ಟೈಟಲ್ ಹಾಕ್ಬೇಕು” ಎಂದು ತಮಿಳು ಬೆರೆಸಿ ಹೇಳುತ್ತಿದ್ದಳು. ಆಮೇಲೆ ಇಡೀ ದಿನ ನನ್ನ ಧಾಟಿಯಲ್ಲೇ ತಮಿಳು ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದಳು. ಆ ಕೋಣೆಯಲ್ಲಿ ಈಗ ಯಾರೂ ನಗುವುದಿಲ್ಲವಂತೆ.

ನೋಟ್‌ಪುಸ್ತಕ ಅಂದು ಪರೀಕ್ಷಾ ಕೊಠಡಿಯಲ್ಲಿತ್ತು. ಬೆಂಕಿಯ ನಂತರ ಅದು ಸಿಗಲಿಲ್ಲ. ದಯವಿಟ್ಟು ಕ್ಷಮಿಸಿ.

ತಮ್ಮ,
ಊರ್ಮಿಳಾ

*

ಮೈಲಾಪೂರ್
30 ಡಿಸೆಂಬರ್ 2024

ಡಾ. ಊರ್ಮಿಳಾ ಅವರಿಗೆ,

ನೀವು ಸುಳ್ಳು ಹೇಳಿದ್ದೀರಿ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವನು ನಾನು. ಎದುರಾಳಿಯ ವಾದ ಎಲ್ಲಿ ಸಡಿಲವಾಗುತ್ತದೆ ಎಂಬುದು ನನ್ನ ಕಿವಿಗೆ ತಿಳಿಯುತ್ತದೆ.

ಎರಡು ವರ್ಷದ ಹಿಂದೆ ಜಯಲಕ್ಷ್ಮಿ ಅವಳನ್ನು ಕೇಳಿದ್ದಳು: “ಅಷ್ಟು ದಪ್ಪದ ಪುಸ್ತಕ ಮನೆಗೆ ತಂದು ನಿಧಾನವಾಗಿ ಬರೀಬಾರದೇನೇ?” ಸಂಹಿತಾ ಹೇಳಿದ್ದು: “ಅಮ್ಮಾ, ಅದು ನನ್ ಟೇಬಲ್ ಬಿಟ್ಟು ಪಕ್ಕದ ರೂಮಿಗೂ ಹೋಗಕೂಡಾದು. ರೂಲ್ಸ್.” ಪರೀಕ್ಷಾ ಕೊಠಡಿಗೆ ಬಿಡಿ ಹಾಳೆ ಮಾತ್ರ ಹೋಗುತ್ತದೆ, ಪುಸ್ತಕವಲ್ಲ. ಇದು ನಿಮ್ಮದೇ ನಿಯಮ, ನಿಮ್ಮದೇ ಸಹಿಯಿರುವ ನಿಯಮ. ಮೇಜಿನ ಮೇಲಿದ್ದ ಪುಸ್ತಕ, ಎರಡು ಗೋಡೆಯಾಚೆಯ ಬೆಂಕಿಯಲ್ಲಿ ಹೇಗೆ ಸುಟ್ಟಿತು?

ನಿಮ್ಮ ವರ್ಗಾವಣೆಯನ್ನು ಬಹುಮಾನವೆಂದೇ ನಾನು ತಿಳಿಯುತ್ತೇನೆ. ಬಾಯಿ ಮುಚ್ಚಿಕೊಂಡವರಿಗೆ ದೂರದ ಊರಿನಲ್ಲಿ ದೊಡ್ಡ ಕೋಣೆ ಸಿಗುವುದನ್ನು ರೈಲ್ವೆಯಲ್ಲಿ ಸಾಕಷ್ಟು ನೋಡಿದ್ದೇನೆ.

ಪ್ರಶಸ್ತಿಯ ಮಾತು. ಹದಿನೈದು ದಿನದಿಂದ ಅನ್ನ ಮುಟ್ಟದಿದ್ದ ನನ್ನ ಹೆಂಡತಿ ನಿಮ್ಮ ಫೋನು ಬಂದ ದಿನ ಎದ್ದು ಸಾರು ಮಾಡಿದಳು. “ಏನೂಂದ್ರೆ, ವೇದಿಕೆ ಮೇಲೆ ನಾಲ್ಕು ಮಾತು ತಮಿಳಲ್ಲಿ ಹೇಳ್ಬೇಕಲ್ಲ, ಬರೆದುಕೊಡ್ತೀರಾ?” ಎಂದು ಕೇಳಿದಳು. ಬರೆದುಕೊಡುವುದಿಲ್ಲ ಎಂದೆ. ಈಗ ತಾನೇ ಬರೆದುಕೊಂಡು, ದೇವರ ಮನೆಯಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದಾಳೆ. ಒಬ್ಬ ತಾಯಿಯನ್ನು ನೀವು ಒಂದು ಫಲಕಕ್ಕೆ ಕೊಂಡುಕೊಂಡಿದ್ದೀರಿ. ನನ್ನನ್ನು ಕೊಳ್ಳಲಾಗುವುದಿಲ್ಲ.

ಪುಸ್ತಕ ಕಳಿಸಿ.

ಕಮಲಾಕರ

*

ವಡೋದರಾ
29 ಜನವರಿ 2025

ಪೂಜ್ಯರೇ,

ಒಂದು ತಿಂಗಳು ಉತ್ತರಿಸದೆ ಕುಳಿತಿದ್ದೆ. ಪುಸ್ತಕ ಸುಟ್ಟಿಲ್ಲ. ನನ್ನ ಬಳಿ ಇದೆ.

ಅದನ್ನು ಕೇಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ನೀವು ಹುಡುಕುತ್ತಿರುವುದು ಅದರಲ್ಲಿಲ್ಲ. ಇರುವುದನ್ನು ಓದಿದರೆ ನಿಮಗೆ ನೆಮ್ಮದಿ ಬರುವುದಿಲ್ಲ. ಸಂಹಿತಾಳ ಒಳ್ಳೆಯದಕ್ಕಾಗಿ ಹೇಳುತ್ತಿದ್ದೇನೆ.

ಊರ್ಮಿಳಾ

*

ಮೈಲಾಪೂರ್
6 ಫೆಬ್ರವರಿ 2025

ಡಾ. ಊರ್ಮಿಳಾ ಅವರಿಗೆ,

ನೆಮ್ಮದಿಯನ್ನು ನಿಮ್ಮಿಂದ ಯಾರು ಕೇಳಿದರು? ಸತ್ತವಳಿಗೆ ಇನ್ನು ಮುಂದೆ ಯಾವ ಒಳ್ಳೆಯದು ಬಾಕಿ ಇದೆ? ನಿಮ್ಮ ಪತ್ರದ ಧಾಟಿ ನನಗೆ ಚೆನ್ನಾಗಿ ಪರಿಚಿತ. ತನಿಖಾಧಿಕಾರಿಯ ಕೈಗೆ ಕಾಗದ ಸಿಗಬಾರದೆಂದು ಹೊಣೆಗಾರರು ಮೃತರ ಮರ್ಯಾದೆಯ ಹಿಂದೆ ಅವಿತುಕೊಳ್ಳುತ್ತಾರೆ. ನನ್ನ ಮಗಳ ಶೀಲಕ್ಕೆ ಏನಾದರೂ ಕಳಂಕ ಹಚ್ಚುವ ಯೋಚನೆಯಿದ್ದರೆ ಅದನ್ನು ಈಗಲೇ ಬಿಡಿ. ಆ ಹುಡುಗಿ ತನ್ನ ಇಪ್ಪತ್ತೆಂಟು ವರ್ಷದಲ್ಲಿ ಒಂದು ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಹಾಗೆ ಬೆಳೆಸಿದವನು ನಾನು.

ನಿನ್ನೆ ಪಲ್ಲಾವರಂಗೆ ಹೋಗಿದ್ದೆ. ಸೇತುವೆಯ ಕೆಳಗಿನ ಆಟೋ ನಿಲ್ದಾಣದಲ್ಲಿ ನಿಮ್ಮ ಸಂಸ್ಥೆಯ ಕಿತ್ತಳೆ ಬಣ್ಣದ ಸಾಕೆಟ್‌ಗಳು ನಾಲ್ಕಿವೆ. ಒಂದರ ಅಂಚು ಒಂದು ಕಡೆಗೆ ಬಾಗಿದೆ. ಕೈ ಚಾಚಿದೆ. “ಸಾರ್, ತೊಡಾದೀಂಗ, ಸುಡುದು!” ಎಂದು ಚಾಲಕ ಕೂಗಿದ, ಮುಟ್ಟಬೇಡಿ ಅಂತ. ಮಳೆಗಾಲದಲ್ಲಿ ಹಾಕಿದಾಗಿನಿಂದ ಹೀಗೆಯೇ ಕಾಯುತ್ತದಂತೆ. “ಟೀ ಕಡೈ ವೇಂಡಾಂ ಸಾರ್, ಇದುಲಯೇ ದೋಸೆ ಊತ್ತಲಾಂ” ಎಂದು ನಕ್ಕ; ಟೀ ಅಂಗಡಿಯೇ ಬೇಡ, ಅದರ ಮೇಲೆಯೇ ದೋಸೆ ಹುಯ್ಯಬಹುದಂತೆ. ಪಕ್ಕದವನು, “ಇನ್ಸ್‌ಪೆಕ್ಟರ್ ಸಾರಾ? ಮುಖದಲ್ಲೇ ಫೈನ್ ಬರೆದಿದೆ” ಎಂದು ತಮಿಳಿನಲ್ಲಿ ಗೇಲಿ ಮಾಡಿದ. ಅವರ ನಗು ನನ್ನನ್ನು ರೇಗಿಸಿತು. ನಿಮ್ಮ ಮೇಲೆ ರೇಗಬೇಕಾದದ್ದನ್ನು ಅವರ ಮೇಲೆ ರೇಗಿ ಬಂದೆ.

ಅಂದರೆ ಮೆತ್ತಗಾಗುತ್ತಿರುವುದು ನಿಮ್ಮ ಪರೀಕ್ಷಾ ಕೊಠಡಿಯ ಒಂದು ಸಾಕೆಟ್ ಮಾತ್ರವಲ್ಲ. ವಿದ್ಯುತ್ ಏರಿಳಿತವಂತೆ! ಯಾರದೋ ಕಳ್ಳಕೆಲಸದ ಮೇಲೆ ನೀವು ಕುಳಿತಿದ್ದೀರಿ. ಸರ್ಕಾರದ ತನಿಖೆ ಜೂನ್ 30ಕ್ಕೆ ಮುಗಿಯುತ್ತದೆ. ಪುಸ್ತಕ ಬಾರದಿದ್ದರೆ ನಿಮ್ಮ ಜನವರಿಯ ಪತ್ರವನ್ನೇ ತನಿಖಾಧಿಕಾರಿಯ ಮುಂದಿಡುತ್ತೇನೆ.

ಕಮಲಾಕರ

*

ಧಾರವಾಡ
14 ಏಪ್ರಿಲ್ 2025

ಕಮಲಾಕರ ಅವರಿಗೆ,

ಪುಸ್ತಕ ಈ ಲಕೋಟೆಯಲ್ಲಿದೆ. ನಿಮ್ಮ ಬೆದರಿಕೆಗೆ ಹೆದರಿ ಕಳಿಸುತ್ತಿಲ್ಲ. ಬಾಗಿದ ಅಂಚಿನ ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಪುಸ್ತಕ ಬೆಂಕಿಯಲ್ಲಿ ಹೋಯಿತೆಂದು ಸಂಸ್ಥೆ ನಂಬಿದೆ. ನಂಬಿಸಿದವಳು ನಾನು.

ತೆರೆಯುವ ಮುಂಚೆ ಒಂದು ವಿಷಯ ತಿಳಿದಿರಲಿ. ಸಿಲಿಕಾದ ಆ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ತೇವವಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮಳೆಗಾಲದಲ್ಲಿ ನಿಮ್ಮ ಮನೆಯ ಉಪ್ಪಿನ ಡಬ್ಬಿ ಹೇಗಾಗುತ್ತದೋ ಹಾಗೆ. ಬಿಡಿಬಿಡಿಯಾಗಿ ಬೆರೆತ ಕಣ ಪ್ಲಾಸ್ಟಿಕ್ಕನ್ನು ಶಾಖದಲ್ಲಿ ಹಿಡಿದು ನಿಲ್ಲಿಸುತ್ತದೆ. ಗಂಟುಗಟ್ಟಿದರೆ ಆ ಹಿಡಿತ ಇರುವುದಿಲ್ಲ, ಗಂಟಿದ್ದಲ್ಲಿಂದಲೇ ಬಿರುಕು ಶುರುವಾಗುತ್ತದೆ. ಅದಕ್ಕಾಗಿ ಬೆರೆಸುವ ಮುಂಚೆ ಪುಡಿಯನ್ನು ಓವನ್‌ನಲ್ಲಿ ಆರು ಗಂಟೆ ಒಣಗಿಸಬೇಕು.

2024ರ ಫೆಬ್ರವರಿ 3, ಶನಿವಾರ. ಪುಟ 112. ಅಂದು ಸಂಹಿತಾ ಒಣಗಿಸಿದ್ದು ಒಂದೂವರೆ ಗಂಟೆ. ಸುಳ್ಳು ಬರೆಯಲಿಲ್ಲ ಅವಳು. ‘10.30ರಿಂದ 12’ ಎಂದೇ ಬರೆದಿದ್ದಾಳೆ. ಫೆಬ್ರವರಿಯ ಒಣ ಗಾಳಿ. ಮಾದರಿ ಪರೀಕ್ಷೆಯಲ್ಲಿ ಪಾಸಾಯಿತು, ಅದೂ ಎಲ್ಲಕ್ಕಿಂತ ಚೆನ್ನಾಗಿ. ಕಾರ್ಖಾನೆಗೆ ಕಳಿಸುವ ಪ್ರಕ್ರಿಯಾ ಪತ್ರವನ್ನು ಪಾಸಾದ ಆ ಪುಟದಿಂದಲೇ ನಕಲು ಮಾಡಿದರು. ಅವಳ ಒಂದು ದಿನದ ಅವಸರ ಕಾರ್ಖಾನೆಯ ನಿತ್ಯದ ನಿಯಮವಾಯಿತು. ಅಕ್ಟೋಬರಿನ ಮಳೆಯಲ್ಲೂ ಒಂದೂವರೆ ಗಂಟೆ.

ಪುಟದ ಕೆಳಗೆ ನನ್ನ ಸಹಿ ಇದೆ. ಪ್ರತಿ ಪುಟವನ್ನು ಅಂದಂದೇ ಓದಿ ಸಹಿ ಹಾಕಬೇಕು. ನಾನು ವಾರದ ಪುಟಗಳನ್ನೆಲ್ಲ ಶುಕ್ರವಾರ ಸಂಜೆ ಒಟ್ಟಿಗೆ ಇಟ್ಟುಕೊಂಡು, ಚಹಾ ಕುಡಿಯುತ್ತ, ಮಾತಾಡುತ್ತ ಸಹಿ ಹಾಕುತ್ತಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. “ಮೇಡಂ, ಓದಿ ಹಾಕಿ” ಎನ್ನುತ್ತಿದ್ದಳು ಅವಳು. “ನಿನ್ ಅಕ್ಷರ ಓದಾಕ ಕುಂತರ ನನಗ ಬ್ಯಾರೆ ಕನ್ನಡಕ ಬೇಕಾಗ್ತದ ತಂಗಿ” ಎನ್ನುತ್ತಿದ್ದೆ. ಅದು ನಮ್ಮ ಪ್ರತಿ ಶುಕ್ರವಾರದ ತಮಾಷೆ.

ನವೆಂಬರಿನಲ್ಲಿ ಅವಳಿಗೆ ಅನುಮಾನ ಬಂತು. ಕಾರ್ಖಾನೆಯಿಂದ ಆರು ಸಾಕೆಟ್ ತರಿಸಿ ತಾನೇ ಪರೀಕ್ಷೆಗಿಟ್ಟಳು. ಕೊನೆಯ ಪುಟವನ್ನು ನೀವೇ ಓದಿ.

ಅವಳು ಹೋದ ಮೇಲೆ ಕಾರ್ಖಾನೆಗೆ ಬಾಯಿಮಾತಿನಲ್ಲಿ ಹೇಳಿದೆ, ಆರು ಗಂಟೆಗೆ ಹಿಂದಿರುಗಿ ಎಂದು. ಅವರು ಆಧಾರ ಕೇಳಿದರು. ಆಧಾರ ನನ್ನ ಬೀರುವಿನಲ್ಲಿತ್ತು. ಅವಳ ಹೆಸರು ಉಳಿಸುತ್ತಿದ್ದೇನೆ ಎಂದುಕೊಂಡೆ. ನನ್ನ ಹೆಸರೂ ಅದೇ ಪುಟದಲ್ಲಿತ್ತು.

ಇನ್ನೊಂದು ಮಾತು. ಸಭೆಯಲ್ಲಿ ನಿಮ್ಮ ಪತ್ರವನ್ನು ಪೂರ್ತಿ ಓದಲಿಲ್ಲ. ವಂದನೆಯನ್ನು ಓದಿದೆ. ನೋಟ್‌ಪುಸ್ತಕದ ಸಾಲನ್ನು ಬಿಟ್ಟೆ. ಅವರು ತಲೆ ತಗ್ಗಿಸಿದ್ದು ನಿಮ್ಮ ಕೋಪಕ್ಕಲ್ಲ, ನಾನು ಕಟ್ಟಿ ಹೇಳಿದ ನಿಮ್ಮ ದುಃಖಕ್ಕೆ.

ಪುಸ್ತಕ ಈಗ ನಿಮ್ಮದು. ಏನು ಮಾಡುವುದೆಂದು ನಾನು ಹೇಳಲಾರೆ.

ಊರ್ಮಿಳಾ

*

ಮೈಲಾಪೂರ್
24 ಜೂನ್ 2025

ಡಾ. ಊರ್ಮಿಳಾ ಅವರಿಗೆ,

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಓದದೆ ಸಹಿ ಹಾಕಿದಿರಿ, ಅದು ಆಲಸ್ಯ. ಐದು ತಿಂಗಳು ಬಚ್ಚಿಟ್ಟಿರಿ; ಅದು ಅಪರಾಧ. ಅದನ್ನು ಅವಳ ಒಳ್ಳೆಯದಕ್ಕೆಂದು ಕರೆದಿರಿ. ಅದನ್ನು ನಾನು ಎಂದಿಗೂ ಕ್ಷಮಿಸಲಾರೆ. ಆದರೆ ಈ ಪತ್ರದಲ್ಲಿ ನಿಮಗಿಂತ ಹೆಚ್ಚಿನ ಆರೋಪಿ ಒಬ್ಬನಿದ್ದಾನೆ.

ಪುಟ 112ರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಪದಗಳಿವೆ: ‘ಅಪ್ಪನ ಬೆಲ್.’ ನೀವು ಅದನ್ನು ನೋಡಿದಿರೋ ಇಲ್ಲವೋ, ನೋಡಿದ್ದರೂ ಅರ್ಥವಾಗುತ್ತಿರಲಿಲ್ಲ. ಅರ್ಥ ನಾನು ಹೇಳುತ್ತೇನೆ.

ಇಲ್ಲಿನ ಕನ್ನಡ ಸಂಘದಲ್ಲಿ ಪ್ರತಿವರ್ಷ ಚರ್ಚಾಸ್ಪರ್ಧೆ ನಡೆಸುತ್ತೇವೆ. ಹನ್ನೊಂದು ವರ್ಷದಿಂದ ನಾನೇ ಅಧ್ಯಕ್ಷ. ನಾಲ್ಕನೆಯ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸಬೇಕು, ಐದಕ್ಕೆ ಎರಡು ಸಲ. ಐದಾದ ಮೇಲೆ ಯಾವ ಘನ ವಾಕ್ಯವಾದರೂ ನಡುವೆಯೇ ನಿಲ್ಲಬೇಕು. ನನ್ನ ಕಾಲೇಜಿನ ಹಿತ್ತಾಳೆಯ ಗಂಟೆ ಅದು. ಹನ್ನೊಂದು ವರ್ಷದಿಂದ ಬಾರಿಸುತ್ತ ಬಂದವಳು ಸಂಹಿತಾ. ಶಾಲೆಯ ಲಂಗದಲ್ಲಿದ್ದಾಗ ಶುರುಮಾಡಿದಳು.

ಕಳೆದ ವರ್ಷದ ಸ್ಪರ್ಧೆಯ ದಿನ, ಫೆಬ್ರವರಿ 3ರ ಬೆಳಿಗ್ಗೆ, ಪ್ರಯೋಗಾಲಯದಿಂದ ಫೋನು ಮಾಡಿದಳು. “ಅಪ್ಪಾ, ಓವನ್ ಇವತ್ತು ಸಾಯಂಕಾಲದವರೆಗೂ ಓಡಬೇಕು. ಬೆರೆಸೋ ಮಿಷಿನ್ ಇವತ್ತು ಬಿಟ್ರೆ ಇನ್ನು ಮೂರು ವಾರ ಸಿಗಲ್ಲ. ಬೇರೆ ಯಾರಾದ್ರೂ ಬೆಲ್ ಹೊಡೀಲಿ, ಪ್ಲೀಸ್ ಪಾ.” ನಾನು ಮೂರು ಅಂಶಗಳಲ್ಲಿ ಉತ್ತರಿಸಿದೆ. ಮೊದಲನೆಯದು, ಒಪ್ಪಿಕೊಂಡ ಕೆಲಸ. ಎರಡನೆಯದು, ಹನ್ನೊಂದು ವರ್ಷದ ಪರಂಪರೆ. ಮೂರನೆಯದು ಅತ್ಯಂತ ಸೊಗಸಾಗಿತ್ತು: ಸಮಯಪಾಲನೆಯ ಅಧಿಕಾರಿಯೇ ಸಮಯಕ್ಕೆ ಬಾರದಿದ್ದರೆ ಸ್ಪರ್ಧಿಗಳಿಗೆ ಸಮಯದ ಪಾಠ ಹೇಳುವ ಹಕ್ಕು ನನಗೆಲ್ಲಿಯದು? “ಬರದಿದ್ದರೆ ಮುಂದಿನ ವರ್ಷವೂ ಬರಬೇಡ” ಎಂದೆ. ಅವಳು ನಕ್ಕು ಅಂದಳು, “ಸರಿ ಪಾ. ನೀಂಗ ಜೆಯಿಚ್ಚಿಟ್ಟೀಂಗ.” ನೀವು ಗೆದ್ದಿರಿ ಅಪ್ಪಾ ಎಂದು.

ಗೆದ್ದೆನೆಂದು ನನಗೆ ಸಂತೋಷವಾಯಿತು. ಅದನ್ನು ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಫೋನು ಇಟ್ಟು ಜಯಲಕ್ಷ್ಮಿಗೆ ಆ ಮೂರನೆಯ ಅಂಶವನ್ನು ಮತ್ತೊಮ್ಮೆ ಹೇಳಿ ತೋರಿಸಿದೆ. ಮೂರೂವರೆಗೆ ಸಂಹಿತಾ ಬಂದಳು. ಕೂದಲಿನಲ್ಲಿ ಬಿಳಿಯ ಪುಡಿ ಹಾಗೆಯೇ ಇತ್ತು. “ವೇದಿಕೆ ಹತ್ತುವ ಮುಂಚೆ ತಲೆ ಬಾಚಿಕೊ” ಎಂದೆ.

ಕೊನೆಯ ಪುಟದಲ್ಲಿ ಆರು ಸಾಕೆಟ್‌ಗಳ ಕೋಷ್ಟಕವಿದೆ. ನಾಲ್ಕರ ಮುಂದೆ ಅಂಕಿಗಳಿವೆ, ಎರಡು ಖಾಲಿ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿರುವುದನ್ನು ಕನ್ನಡದಲ್ಲಿ ಬರೆಯುತ್ತೇನೆ: ‘ಒಂದೂವರೆ ಗಂಟೆ ನನ್ನದು. ಪ್ರಕ್ರಿಯಾ ಪತ್ರ ಹಿಂತೆಗೆಯಬೇಕು. ಹಾಕಿದ ಸಾಕೆಟ್‌ಗಳನ್ನೂ.’ ಅದರಲ್ಲಿ ನೀವಿಲ್ಲ, ನಾನಿಲ್ಲ. ನಮ್ಮಿಬ್ಬರನ್ನೂ ಬಿಟ್ಟು ತಾನೊಬ್ಬಳೇ ಹೊತ್ತುಕೊಂಡಳು.

ಪುಸ್ತಕ ನನ್ನ ಬೀರುವಿನಲ್ಲೂ ಅರವತ್ತಾರು ದಿನ ಇತ್ತು. ಆಶ್ಚರ್ಯಪಡಬೇಡಿ. ನಿಮ್ಮನ್ನು ಬೈದ ಬಾಯಿಯಿಂದಲೇ ನಿಮ್ಮ ವಾದವನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಹೊರಗೆ ಬಂದರೆ ಪತ್ರಿಕೆಗಳು ಸಂಸ್ಥೆಯನ್ನು ಬಿಟ್ಟು ಅವಳ ಹೆಸರು ಬರೆಯುತ್ತವೆ. ಪ್ರಶಸ್ತಿ ನಿಲ್ಲುತ್ತದೆ. ಜಯಲಕ್ಷ್ಮಿಯ ನಾಲ್ಕು ಮಾತು ಈಗ ಹನ್ನೆರಡಾಗಿವೆ. ಜುಲೈ 2ಕ್ಕೆ ಉಡಲು ಸಂಹಿತಾ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ ಹಸಿರು ಸೀರೆಯನ್ನು ಇಸ್ತ್ರಿ ಮಾಡಿಸಿ ತಂದಿದ್ದಾಳೆ.

ಆಗ ಶಿವಲಿಂಗಮ್ಮ ನೆನಪಾದಳು. ಬಂಗಾರಪೇಟೆಯ ಕಡೆಯ ಒಂದು ಸಣ್ಣ ನಿಲ್ದಾಣದಲ್ಲಿ ಹಳಿ ಬದಲಿಸುತ್ತಿದ್ದವನ ಹೆಂಡತಿ. ಗಂಡ ಅಪಘಾತದಲ್ಲಿ ಸತ್ತಿದ್ದ, ತಪ್ಪು ಅವನದೇ. ನಾನು ವರದಿ ಬರೆಯುವ ಮುನ್ನಾದಿನ ನಮ್ಮ ಮನೆ ಬಾಗಿಲಿಗೆ ಬಂದು ಕುಳಿತಳು. “ಸತ್ತೋದವ್ನ ತಲೆ ಮ್ಯಾಕೆ ಯಾಕ್ ಸ್ವಾಮಿ ಆಕ್ತೀರಾ? ನನ್ ಮಕ್ಳು ಊರಾಗ್ ತಲೆ ಎತ್ತಿ ತಿರುಗ್ಬೇಕಲ್ವಾ?” ಎಂದಳು. ಒಂದು ಹೆಸರನ್ನು ಬಿಟ್ಟರೆ ಅದೇ ತಪ್ಪು ಮತ್ತೊಬ್ಬನನ್ನು ಕೊಲ್ಲುತ್ತದೆ ಎಂದು ಐದು ನಿಮಿಷ ವಿವರಿಸಿದೆ. ನೀರು ಬೇಕೇ ಎಂದು ಕೇಳಲಿಲ್ಲ. ಹೆಸರು ಬರೆದೆ. ಅಂದು ಅವಳಿಗೆ ಹೇಳಿದ್ದು ಸರಿಯಾಗಿದ್ದರೆ ಇಂದೂ ಸರಿ. ಇಂದು ತಪ್ಪೆನಿಸಿದರೆ, ಆ ಹೆಂಗಸಿಗೆ ನಾನು ಮಾಡಿದ್ದು ಬರೀ ಕ್ರೌರ್ಯ.

ಕಳೆದ ವಾರ ಮತ್ತೆ ಪಲ್ಲಾವರಂಗೆ ಹೋದೆ. ಬಾಗಿದ ಅಂಚಿನ ಸಾಕೆಟ್ಟಿಗೆ ಯಾರೋ ಕಪ್ಪು ಟೇಪು ಸುತ್ತಿದ್ದಾರೆ. ಅದೇ ಚಾಲಕ ಅದಕ್ಕೆ ಗಾಡಿ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ಎಬ್ಬಿಸಿದೆ. “ವಾಂಗ ದೋಸೆ ಇನ್ಸ್‌ಪೆಕ್ಟರ್!” ಎಂದು ಸ್ವಾಗತಿಸಿದ. ಇದಕ್ಕೆ ಇನ್ನು ಸಿಕ್ಕಿಸಬೇಡ ಎಂದೆ. “ಹಾಗಾದ್ರೆ ಬೇರೆ ಎಲ್ಲಿ ಸಿಕ್ಕಿಸಲಿ ಸಾರ್, ನಿಮ್ಮ ಮನೆಯಲ್ಲಾ?” ಎಂದು ತಮಿಳಿನಲ್ಲಿ ಕೇಳಿದ.

ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ತನಿಖಾಧಿಕಾರಿಯ ಕಚೇರಿಗೆ ಹೋಗಿ ಸಂಹಿತಾಳ ನೋಟ್‌ಪುಸ್ತಕವನ್ನು ಒಪ್ಪಿಸಿ ರಸೀದಿ ಪಡೆದೆ. ನಿಮ್ಮ ಪತ್ರಗಳನ್ನೂ ಕೊಟ್ಟಿದ್ದೇನೆ. ನಿಮಗೆ ಕರೆ ಬರುತ್ತದೆ. ಬಂದು ಶುಕ್ರವಾರಗಳ ಬಗ್ಗೆ ನಿಂತು ಹೇಳಿ. ಎಲ್ಲಕ್ಕೂ ಮೇಲೆ ನನ್ನದೊಂದು ಹೇಳಿಕೆಯಿದೆ. ಅದರ ಮೊದಲ ವಾಕ್ಯ: ‘ಫೆಬ್ರವರಿ 3ರಂದು ಓವನ್ ಬೇಗ ತೆರೆಸಿದವನು ನಾನು, ಮೃತಳ ತಂದೆ.’ ಅಧಿಕಾರಿ ಅದನ್ನು ಓದಿ, “ಸರ್, ಇದು ತಾಂತ್ರಿಕ ವರದಿ. ಈ ವಾಕ್ಯ ಇದರಲ್ಲಿ ಬೇಕಾಗಿಲ್ಲ” ಎಂದ. ಬೇಕು ಎಂದೆ. ವಾದ ಮಾಡಲಿಲ್ಲ. ಅವನು ಮೊಹರು ಒತ್ತುವವರೆಗೂ ಅಲ್ಲೇ ನಿಂತಿದ್ದೆ.

ಜಯಲಕ್ಷ್ಮಿಯನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದಳು, ನಾನು ವಾದ ಹೂಡುತ್ತಿದ್ದೆ, ಅವಳೂ ಕೊನೆಗೆ ನೀವು ಗೆದ್ದಿರಿ ಎನ್ನುತ್ತಿದ್ದಳು. ಆ ಮಾತನ್ನು ಈ ಮನೆಯಲ್ಲಿ ಇನ್ನೊಬ್ಬರ ಬಾಯಿಂದ ಕೇಳಲಾರೆ. ಅವಳು ಈಗ ಅಡುಗೆಮನೆಯಲ್ಲಿದ್ದಾಳೆ, ತನ್ನ ಹನ್ನೆರಡು ಮಾತುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಾಳೆ. ಈ ಪತ್ರ ಮಡಚಿಟ್ಟು, ಒಳಗೆ ಹೋಗಿ, ಜುಲೈ 2ರಂದು ನಾವು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಹೇಳುತ್ತೇನೆ. ಕಾರಣವನ್ನೂ ಹೇಳುತ್ತೇನೆ.

ಕಮಲಾಕರ